ಮಧ್ಯಾಹ್ನ ಎರಡಕ್ಕೆ ನಿಲ್ಲುವ ಗಣಕಯಂತ್ರ

ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಇಂದು ಕಾಣಸಿಗುವ ಅಂಗಡಿಗಳಲ್ಲಿ ಒಂದು ಬಗೆಯವು ಮೂವತ್ತು ವರ್ಷಗಳ ಹಿಂದೆ ಇರಲೇ ಇಲ್ಲ. ಹತ್ತಡಿ ಅಗಲದ ಮಳಿಗೆ, ತಗಡಿನ ಮಾಡು, ಒಂದು ಮೇಜು, ಮೇಜಿನ ಮೇಲೊಂದು ಗಣಕಯಂತ್ರ, ಪಕ್ಕದಲ್ಲಿ ನೆರಳಚ್ಚಿನ ಯಂತ್ರ, ಗೋಡೆಗೆ ಲಕ್ಷ್ಮಿಯ ಪಟ. ಹೊರಗೆ ಬೆಂಚಿನ ಮೇಲೆ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದ ನಾಲ್ಕಾರು ಮಂದಿ. ಚೀಲದೊಳಗೆ ಆಧಾರ್ ಕಾರ್ಡು, ಪಡಿತರ ಚೀಟಿ, ಹರಿದ ಅಂಕಪಟ್ಟಿ. ಹಿಂದೆ ಅರ್ಜಿ ಬರೆದುಕೊಡುತ್ತಿದ್ದ ಕಚೇರಿಯ ಮರದಡಿಯ ಬರಹಗಾರನ ಸ್ಥಾನಕ್ಕೆ ಈಗ ಈ ಅಂಗಡಿ ಬಂದು ಕುಳಿತಿದೆ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ಭೂಮಾಲಿಕರ 2 ಕೋಟಿಯಷ್ಟು ಪಹಣಿ ದಾಖಲೆಗಳನ್ನು ಗಣಕಕ್ಕೆ ಏರಿಸಿ, ಕೈಬರಹದ ಪಹಣಿಯ ಕಾಲವನ್ನು ಮುಗಿಸಿತು. ಅಂದಿನಿಂದ ಹಳ್ಳಿಯ ಬದುಕಿನ ಒಂದೊಂದೇ ಕಾಗದವು ಕಂಬಿಯೊಳಗಿನ ವಿದ್ಯುತ್ತಾಗಿ ಮಾರ್ಪಡುತ್ತ ಬಂದಿದೆ. ಇಂಥ ಊರಿನಲ್ಲಿ ಗಣಕವೊಂದು ಏಕಾಏಕಿ ಆರಿಹೋದರೆ ಅದು ಬರಿಯ ಯಂತ್ರದ ಕಥೆಯಾಗಿ ಉಳಿಯುವುದಿಲ್ಲ.

ಮಸ್ಕಿಯ ಇಂಥದೊಂದು ಅಂಗಡಿಯನ್ನು ನಡೆಸುವವಳು ಒಬ್ಬ ಗೃಹಿಣಿ. ಪಿ.ಯು.ಸಿ.ಯವರೆಗೆ ಓದಿದವಳು, ಟೈಪಿಂಗ್ ಪರೀಕ್ಷೆ ಮುಗಿಸಿದವಳು. ಗಂಡನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ. ವಾರಕ್ಕೊಮ್ಮೆ ಮನೆಗೆ ಬರುವವನು. ಸ್ವಸಹಾಯ ಸಂಘದಿಂದ ಸಾಲ ತೆಗೆದು, ಯಾರೋ ಬಳಸಿ ಬಿಟ್ಟ ಗಣಕವೊಂದನ್ನು ಕೊಂಡು, ಮನೆಯ ಮುಂಗೋಣೆಯಲ್ಲೇ ಅಂಗಡಿ ತೆರೆದಳು. ಮಳೆಗಾಲ ಕಳೆಯಿತು, ಚಳಿಗಾಲ ಕಳೆಯಿತು, ಯಂತ್ರವು ಎತ್ತಿನಂತೆ ದುಡಿಯಿತು. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ, ಎರಡು ಗಂಟೆಯ ಸುಮಾರಿಗೆ, ಯಾವ ಎಚ್ಚರಿಕೆಯನ್ನೂ ಕೊಡದೆ ಪರದೆ ಕಪ್ಪಾಯಿತು. ತಪ್ಪಾಯಿತೆಂಬ ಸಂದೇಶವಿಲ್ಲ, ಸದ್ದಿಲ್ಲ. ಬೀಸುತ್ತಿದ್ದ ಒಳಗಿನ ಬೀಸಣಿಗೆಗಳೂ ಒಮ್ಮೆಲೇ ನಿಂತುವು.

ಗುಂಡಿ ಒತ್ತಿದಳು, ಎದ್ದಿತು. ಮೂರು ನಿಮಿಷಕ್ಕೆ ಮತ್ತೆ ಮಲಗಿತು.

ಮೇ ತಿಂಗಳೆಂದರೆ ಈ ಅಂಗಡಿಗಳಿಗೆ ಸುಗ್ಗಿ. ಹತ್ತನೆಯ ತರಗತಿಯ ಫಲಿತಾಂಶದ ಬೆನ್ನಿಗೆ ಕಾಲೇಜು ಪ್ರವೇಶ. ಪ್ರವೇಶಕ್ಕೆ ಜಾತಿ ಮತ್ತು ಆದಾಯದ ಪ್ರಮಾಣಪತ್ರ. ವೃತ್ತಿಶಿಕ್ಷಣಕ್ಕೆ ಹೋಗುವವರಿಗೆ ಸಂವಿಧಾನದ 371 ಜೆ ವಿಧಿಯನ್ವಯದ ಅರ್ಹತಾಪತ್ರ. ಕೊನೆಯದಂತೂ ಈ ಭಾಗದ ಮಕ್ಕಳಿಗೆ ಅನ್ನದ ಪ್ರಶ್ನೆ. ಪ್ರತಿಯೊಂದಕ್ಕೂ ಕೊನೆಯ ದಿನಾಂಕವಿದೆ. ಕಾಲುವೆಯ ಕಡೆಯ ಕ್ಯಾಂಪೊಂದರಿಂದ ಹುಡುಗನೊಬ್ಬ ಎರಡು ಬಸ್ಸು ಬದಲಿಸಿ ಬಂದಿದ್ದ. ಅರ್ಜಿಯ ಐದನೆಯ ಪುಟದಲ್ಲಿ ಯಂತ್ರ ಆರಿತು, ಮತ್ತೆ ಮೊದಲಿನಿಂದ, ಮತ್ತೆ ಮೂರನೆಯ ಪುಟದಲ್ಲಿ ಆರಿತು. ಹುಡುಗ ಏನೂ ಅನ್ನಲಿಲ್ಲ. ಗೋಡೆಯ ಗಡಿಯಾರವನ್ನು ನೋಡಿದ, ಸಂಜೆಯ ಬಸ್ಸಿನ ಹೊತ್ತನ್ನು ನೆನೆದ. ಕೊನೆಗೆ ಆಕೆಯೇ ಅವನನ್ನು ಕರೆದುಕೊಂಡು ರಸ್ತೆಯ ಆಚೆಯ, ತನ್ನ ಪ್ರತಿಸ್ಪರ್ಧಿಯ ಅಂಗಡಿಗೆ ಹೋಗಿ ಅರ್ಜಿ ತುಂಬಿಸಿದಳು. ಅಲ್ಲಿಯ ಶುಲ್ಕವನ್ನೂ ತಾನೇ ಕೊಟ್ಟಳು. ಅಂಗಡಿಯ ಹೆಸರು ಕೆಡುವುದು ಹೀಗೆಯೇ ಎಂಬುದು ಆಕೆಗೆ ಚೆನ್ನಾಗಿ ತಿಳಿದಿತ್ತು.

ಆ ರಾತ್ರಿಯಿಂದ ಆಕೆ ಒಂದು ಕೆಲಸ ಮಾಡಿದಳು. ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲಿ ಒಂದು ಹಾಳೆಯನ್ನು ಬಿಡಿಸಿ, ಯಂತ್ರವನ್ನು ಯಾವಾಗ ಹಚ್ಚಿದೆ, ಯಾವಾಗ ಅದು ಆರಿತು ಎಂದು ಗಡಿಯಾರ ನೋಡಿ ಬರೆಯತೊಡಗಿದಳು. ರೋಗಿಯ ಜ್ವರವನ್ನು ದಾದಿ ಬರೆದಿಡುವಂತೆ. ಬೆಳಿಗ್ಗೆ 6-40ಕ್ಕೆ ಹಚ್ಚಿದ್ದು 11-10ರವರೆಗೆ ನಡೆಯಿತು. ಮಧ್ಯಾಹ್ನ ಚೆನ್ನಾಗಿ ತಣಿದ ಮೇಲೆ ಹಚ್ಚಿದರೆ 14 ನಿಮಿಷ. ಆರಿದ ಕೂಡಲೇ ಮತ್ತೆ ಹಚ್ಚಿದರೆ 3 ನಿಮಿಷ. ಅರ್ಧ ಗಂಟೆ ಬಿಟ್ಟು ಹಚ್ಚಿದರೆ 12 ನಿಮಿಷ. ಅರ್ಜಿ ಟೈಪು ಮಾಡುವಾಗ ಹೀಗೆ. ಫೋಟೋ ತಿದ್ದುವ ಕೆಲಸವಿದ್ದರೆ 6 ನಿಮಿಷಕ್ಕೇ ಮಲಗಿತು. ರಾತ್ರಿ ಒಂಬತ್ತರ ಮೇಲೆ ಒಂದು ಗಂಟೆ ಇಪ್ಪತ್ತು ನಿಮಿಷ ನಡೆಯಿತು, ಆಕೆ ತಾನಾಗಿ ಮುಚ್ಚುವವರೆಗೂ ನಿಲ್ಲಲಿಲ್ಲ. ಇನ್ನೊಂದು ಸಾಲು: ‘ಆರಿದಾಗ ಪರದೆಯ ಕೆಳಗಿನ ದೀಪ ಇತ್ತು, ಯು.ಪಿ.ಎಸ್. ಕೂಗಲಿಲ್ಲ.’

ಈ ಹಾಳೆಯನ್ನು ಓದಬಲ್ಲವನಿಗೆ ರೋಗದ ಹೆಸರು ಅದರಲ್ಲೇ ಬರೆದಿದೆ. ವಿದ್ಯುತ್ತಿನ ಏರಿಳಿತದಿಂದಲೋ ಯು.ಪಿ.ಎಸ್. ಬ್ಯಾಟರಿ ಸತ್ತುದರಿಂದಲೋ ಯಂತ್ರ ಆರುವುದಾದರೆ ಅದಕ್ಕೆ ಹೊತ್ತು ಗೊತ್ತಿಲ್ಲ. ಪರದೆಯೂ ಅದರೊಡನೆ ಆರಬೇಕು. ಇಲ್ಲಿ ಒಂದೇ ಯು.ಪಿ.ಎಸ್.ಗೆ ಸೇರಿದ ಪರದೆ ಜೀವಂತವಾಗಿದೆ. ತಂತ್ರಾಂಶದ ದೋಷವಾದರೆ ಸಾಮಾನ್ಯವಾಗಿ ಪರದೆಯ ಮೇಲೆ ಏನಾದರೂ ಬರೆದು ಸ್ತಬ್ಧವಾಗುವುದು ಅಥವಾ ತಾನೇ ಮರಳಿ ಎಚ್ಚರವಾಗುವುದು. ಹೀಗೆ ಪೂರ್ಣ ಕತ್ತಲಾಗುವುದು ಅಪರೂಪ. ಬೆಳಿಗ್ಗೆ ತಾಸುಗಟ್ಟಲೆ, ಮಧ್ಯಾಹ್ನ ನಿಮಿಷಗಟ್ಟಲೆ. ತಣಿದರೆ ಹೆಚ್ಚು, ತಣಿಯದಿದ್ದರೆ ಕಡಿಮೆ. ಕೆಲಸ ಭಾರವಾದರೆ ಇನ್ನೂ ಕಡಿಮೆ. ಕಾಲವನ್ನೂ ಕಾರ್ಯವನ್ನೂ ಹೀಗೆ ಅನುಸರಿಸಿ ನಡೆಯುವ ರೋಗಕ್ಕೆ ಕಾರಣ ಬಹುಮಟ್ಟಿಗೆ ಒಂದೇ: ಶಾಖ.

ಗಣಕದೊಳಗೆ ಶಾಖ ಎಲ್ಲಿಂದ ಬಂತು? ನೀರೆತ್ತುವ ಪಂಪು ವಿದ್ಯುತ್ತನ್ನು ತಿಂದು ನೀರನ್ನು ಮೇಲಕ್ಕೆತ್ತುತ್ತದೆ. ಗಿರಣಿಯ ಮೋಟಾರು ಭತ್ತದ ಹೊಟ್ಟು ಬಿಡಿಸುತ್ತದೆ. ಪ್ರೊಸೆಸರ್ ಎಂಬ ಚಿಪ್ಪು ಎತ್ತುವುದೂ ಇಲ್ಲ, ಅರೆಯುವುದೂ ಇಲ್ಲ. ಅದು ಲೆಕ್ಕ ಮಾಡುತ್ತದೆ, ಅಷ್ಟೆ. ಒಳಹೊಕ್ಕ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗಿಯೇ ಹೊರಬರಬೇಕು. ಸಾಧಾರಣ ಮೇಜಿನ ಗಣಕದ ಪ್ರೊಸೆಸರಿಗೆ 65 ವ್ಯಾಟ್ ಎಂಬುದು ರೂಢಿಯ ಅಂಕಿ. ಹಳೆಯ ಕಾಲದ ಒಂದು ಬಲ್ಬಿನಷ್ಟೆ. ಆದರೆ ಬಲ್ಬಿನ ಶಾಖ ಗಾಜಿನ ಬುರುಡೆಯ ತುಂಬ ಹರಡುತ್ತಿತ್ತು. ಪ್ರೊಸೆಸರಿನ ಶಾಖವು ಉಗುರಿನ ಗಾತ್ರದ ಸಿಲಿಕಾನ್ ತುಣುಕಿನಿಂದ ಹೊರಡುತ್ತದೆ. ಚದರ ಸೆಂಟಿಮೀಟರಿಗೆ ಇಷ್ಟೆಂದು ಲೆಕ್ಕ ಹಾಕಿದರೆ, ಅಡುಗೆಮನೆಯ ವಿದ್ಯುತ್ ಒಲೆಯ ತಟ್ಟೆಗಿಂತ ಇದು ಹಲವು ಪಟ್ಟು ತೀವ್ರ.

ಈ ಸಂಕಟ ಗಣಕದಷ್ಟೇ ಹಳೆಯದು. 1946ರಲ್ಲಿ ಅಮೆರಿಕದಲ್ಲಿ ಲೋಕಾರ್ಪಣೆಯಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಗೆಗಳಿದ್ದುವು; ಅದು ಸುಮಾರು 150 ಕಿಲೋವ್ಯಾಟ್ ವಿದ್ಯುತ್ತನ್ನು ನುಂಗುತ್ತಿತ್ತು, ಅಷ್ಟನ್ನೂ ಶಾಖವಾಗಿ ಕೋಣೆಗೆ ಉಗುಳುತ್ತಿತ್ತು. ನಮ್ಮ ದೇಶದವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕಟ್ಟಿ 1960ರಲ್ಲಿ ನಡೆಸಿದ ಟಿಫ್ರಾಕ್ ಯಂತ್ರದಲ್ಲಿಯೂ ಸುಮಾರು 2,700 ನಳಿಗೆಗಳಿದ್ದುವು. ಟ್ರಾನ್ಸಿಸ್ಟರ್ ಬಂದ ಮೇಲೆ ಶಾಖದ ಪೀಡೆ ತೊಲಗಿತೆಂದು ಜನ ನಿಟ್ಟುಸಿರು ಬಿಟ್ಟರು. ತೊಲಗಲಿಲ್ಲ. ಟ್ರಾನ್ಸಿಸ್ಟರುಗಳನ್ನು ಕೋಟಿಗಟ್ಟಲೆ ಒಂದೇ ಚಿಪ್ಪಿನಲ್ಲಿ ಒತ್ತಿ ತುಂಬಿದಾಗ ಶಾಖ ಮರಳಿ ಬಂತು. 2001ರಲ್ಲಿ ಇಂಟೆಲ್ ಸಂಸ್ಥೆಯ ಪ್ಯಾಟ್ ಗೆಲ್ಸಿಂಗರ್, ಹೀಗೆಯೇ ಮುಂದುವರಿದರೆ ಚಿಪ್ಪಿನ ಶಾಖಸಾಂದ್ರತೆ ಪರಮಾಣು ರಿಯಾಕ್ಟರನ್ನೂ ಮೀರಿ ಸೂರ್ಯನ ಮೇಲ್ಮೈಯತ್ತ ಸಾಗೀತೆಂದು ವಿದ್ವಾಂಸರ ಸಭೆಯಲ್ಲಿ ಎಚ್ಚರಿಸಿದರು. 2004ರಲ್ಲಿ ಅದೇ ಸಂಸ್ಥೆ 4 ಗಿಗಾಹರ್ಟ್ಸ್ ವೇಗದ ಪೆಂಟಿಯಂ 4ರ ಯೋಜನೆಯನ್ನೇ ಕೈಬಿಟ್ಟಿತು. ಒಂದೇ ಕುದುರೆಯನ್ನು ಇನ್ನೂ ವೇಗವಾಗಿ ಓಡಿಸುವುದರ ಬದಲು ಎರಡು, ನಾಲ್ಕು ಕುದುರೆಗಳನ್ನು ಕಟ್ಟುವ ದಾರಿ ಅಂದಿನಿಂದ ಹೆದ್ದಾರಿಯಾಯಿತು.

ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ 1915ರಲ್ಲಿ ಅದನ್ನು ಕಂಡುದರಿಂದಲೇ, ದೇವಾನಾಂಪ್ರಿಯನೆಂದರೆ ಅಶೋಕನೆಂಬುದಕ್ಕೆ ಹೆಸರು ಸಹಿತವಾದ ಸಾಕ್ಷಿ ಮೊದಲಬಾರಿಗೆ ದೊರೆಯಿತು. ಇಪ್ಪತ್ತೆರಡು ಶತಮಾನಗಳ ಬೇಸಿಗೆಯನ್ನು ಆ ಅಕ್ಷರಗಳು ಬೀಸಣಿಗೆಯ ಹಂಗಿಲ್ಲದೆ ಕಳೆದಿವೆ. ಅದರ ಬುಡದ ಊರಿನಲ್ಲಿ ಒಂದು ಆದಾಯ ಪ್ರಮಾಣಪತ್ರದ ಅರ್ಜಿಯು ಮಧ್ಯಾಹ್ನ ಎರಡನ್ನು ದಾಟಲಾರದೆ ಹೋಯಿತು! ಇರಲಿ, ಅಶೋಕನಿಗೆ ಅರ್ಜಿಗಳ ಕೊನೆಯ ದಿನಾಂಕದ ಚಿಂತೆ ಇರಲಿಲ್ಲ.

ಆಕೆ ಮೊದಲು ಯಂತ್ರವನ್ನು ಸಿಂಧನೂರಿಗೆ ಒಯ್ದಳು. ಭತ್ತದ ವ್ಯಾಪಾರದ ಊರು, ದೊಡ್ಡ ಅಂಗಡಿ, ಮೆಕ್ಯಾನಿಕ್ಕನೂ ಚುರುಕಾದವನೇ. ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದ, ಹಚ್ಚಿದ, ಬಗ್ಗಿ ನೋಡಿದ. ಪ್ರೊಸೆಸರಿನ ಮೇಲಿನ ಬೀಸಣಿಗೆ ಸುಯ್ಯೆಂದು ತಿರುಗುತ್ತಿತ್ತು. “ಫ್ಯಾನ್ ಓಡಾಕತ್ತದ. ಬಿಸಿಯ ತೊಂದರೆ ಅಲ್ಲ ಇದು. ಬೋರ್ಡೇ ಹೋಗ್ಯಾದ,” ಎಂದ. ಬೇರೆ ಬೋರ್ಡಿಗೆ ಆರೂವರೆ ಸಾವಿರ. ಅಂಗಡಿಯಲ್ಲಿ ತಂಪು ಯಂತ್ರವಿತ್ತು. ಅಲ್ಲಿ ಇರುವಷ್ಟು ಹೊತ್ತು ಗಣಕವೂ ಒಮ್ಮೆಯೂ ಆರಲಿಲ್ಲವೆಂಬುದನ್ನು ಅವನು ಗಮನಿಸಲಿಲ್ಲ. ಹಾಲಿನ ಪುಸ್ತಕವನ್ನು ಆಕೆ ಚೀಲದಿಂದ ಹೊರತೆಗೆದಿದ್ದಳು. ಅವನು ಕೇಳಲಿಲ್ಲ, ಆಕೆಯೂ ಮತ್ತೆ ಒಳಗಿಟ್ಟಳು. ಆರೂವರೆ ಸಾವಿರವೆಂದರೆ ಸಂಘದ ಮೂರು ತಿಂಗಳ ಕಂತು. ಯೋಚಿಸಿ ಹೇಳುವೆನೆಂದು ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹಿಂತಿರುಗಿದಳು.

ಭಾನುವಾರ ಗಂಡ ಬಂದ. ಗಣಕದ ವಿಷಯ ಅವನಿಗೆ ಏನೂ ತಿಳಿಯದು. ಊಟಕ್ಕೆ ಕುಳಿತು ಕಥೆಯನ್ನೆಲ್ಲ ಕೇಳಿದವನು, “ಫ್ಯಾನ್ ತಿರುಗಿದರ ಆತೇನು? ಗಾಳಿ ಹಾಯ್ತದೋ ಇಲ್ಲೋ ನೋಡಬೇಕು,” ಎಂದ. ನೆಲದೊಳಗೆ ನೂರಾರು ಅಡಿ ಇಳಿದು ದುಡಿಯುವವನ ಮಾತು ಅದು. ಮೇಲೆ ದೊಡ್ಡ ಯಂತ್ರ ಗಾಳಿಯನ್ನು ದೂಡುತ್ತಲೇ ಇರುತ್ತದೆ. ಆದರೆ ನಡುವೆ ಒಂದು ಬಾಗಿಲು ಮುಚ್ಚಿದ್ದರೆ, ಒಂದು ದಾರಿಯಲ್ಲಿ ಮಣ್ಣು ಕುಸಿದಿದ್ದರೆ, ಬಂಡೆ ಕೊರೆಯುವವನ ಮುಖಕ್ಕೆ ಗಾಳಿ ತಾಕುವುದಿಲ್ಲ. ಯಂತ್ರದ ಸದ್ದನ್ನು ನಂಬಿ ಗಣಿಯವರು ಬದುಕುವುದಿಲ್ಲ. ಗಾಳಿಯನ್ನು ಮುಖದಿಂದ ಅರಿಯುತ್ತಾರೆ. ಸಿಂಧನೂರಿನ ಮೆಕ್ಯಾನಿಕ್ಕನ ತರ್ಕದಲ್ಲಿ ಬಿಟ್ಟುಹೋದ ಮೆಟ್ಟಿಲು ಇದೇ.

ಮರುದಿನ ಪಾಳಿಗೆ ಹೋಗುವ ದಾರಿಯಲ್ಲಿ ಗಂಡಹೆಂಡಿರಿಬ್ಬರೂ ಯಂತ್ರವನ್ನು ಲಿಂಗಸುಗೂರಿನಲ್ಲಿ ಇಳಿಸಿದರು. ಅಲ್ಲಿ ಓಣಿಯೊಂದರಲ್ಲಿ ರೇಡಿಯೋ ರಿಪೇರಿಯಿಂದ ಟಿ.ವಿ.ಗೆ, ಟಿ.ವಿ.ಯಿಂದ ಗಣಕಕ್ಕೆ ಬಂದ ವೃದ್ಧ ಮೆಕ್ಯಾನಿಕ್ ಒಬ್ಬನಿದ್ದಾನೆ. ತಿರುಪುಳಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಅವನು ಕೇಳಿದ ಪ್ರಶ್ನೆ, “ಯಾವ ಹೊತ್ತಿನ್ಯಾಗ ಬಂದ್ ಆಗ್ತದವ್ವ?” ಆಕೆ ಪುಸ್ತಕವನ್ನು ಮುಂದಿಟ್ಟಳು. ಅವನು ಕನ್ನಡಕ ಹಾಕಿಕೊಂಡು ಎರಡು ಬಾರಿ ಓದಿದ.

ಮೊದಲು ಅವನು ಯಂತ್ರವನ್ನು ಹಚ್ಚಿ, ವಿಂಡೋಸ್ ಏಳುವ ಮೊದಲೇ ಕೀಲಿಯೊಂದನ್ನು ಒತ್ತಿ ‘ಬಯೋಸ್’ ಎಂಬ ಮೂಲ ವ್ಯವಸ್ಥೆಯೊಳಕ್ಕೆ ಹೋದ. ಯಂತ್ರದ ಆರೋಗ್ಯ ತೋರಿಸುವ ಪುಟ ಅಲ್ಲಿರುತ್ತದೆ: ಪ್ರೊಸೆಸರಿನ ಉಷ್ಣತೆ, ಬೀಸಣಿಗೆಯ ಸುತ್ತುಗಳು. ಸುತ್ತುಗಳು ಸರಿಯಾಗಿಯೇ ಇದ್ದುವು. ಉಷ್ಣತೆ 71ರಿಂದ ಹೊರಟು 78, 84, 90 ಎಂದು ಗಡಿಯಾರದ ಮುಳ್ಳಿನಂತೆ ಏರುತ್ತಲೇ ಇತ್ತು. ಯಾವ ಕೆಲಸವನ್ನೂ ಹೇಳದೆ ಸುಮ್ಮನೆ ಕುಳಿತಿರುವ ಯಂತ್ರದಲ್ಲಿ! ಅವನು ತಲೆಯಾಡಿಸಿ ಆರಿಸಿದ.

ಬೀಸಣಿಗೆಯನ್ನು ಬಿಚ್ಚಿದಾಗ ಮೂವರೂ ಬಗ್ಗಿ ನೋಡಿದರು. ಬೀಸಣಿಗೆಯ ಕೆಳಗೆ ಅಲ್ಯೂಮಿನಿಯಂ ರೆಕ್ಕೆಗಳ ಒಂದು ದಿಂಡು ಇರುತ್ತದೆ, ಹೀಟ್‌ಸಿಂಕ್ ಎಂದು ಅದರ ಹೆಸರು. ಚಿಪ್ಪಿನ ಶಾಖವನ್ನು ಹೀರಿ, ಹತ್ತಾರು ತೆಳು ರೆಕ್ಕೆಗಳಿಗೆ ಹಂಚಿ, ಅವುಗಳ ನಡುವೆ ಹಾಯುವ ಗಾಳಿಗೆ ಒಪ್ಪಿಸುವುದು ಅದರ ಧರ್ಮ. ಆ ರೆಕ್ಕೆಗಳ ಮೇಲೆ ಕಂಬಳಿಯ ತುಂಡು ಹಾಸಿದಂತೆ ಬೂದುಬಣ್ಣದ ಒಂದು ಪದರ ಕುಳಿತಿತ್ತು. ತಿರುಪುಳಿಯ ತುದಿಯಿಂದ ಎತ್ತಿದರೆ ಹಪ್ಪಳದಂತೆ ಇಡಿಯಾಗಿ ಎದ್ದು ಬಂತು. ಬೀಸಣಿಗೆ ತಿರುಗುತ್ತಿತ್ತು ನಿಜ. ಅದು ದೂಡಿದ ಗಾಳಿ ಈ ಕಂಬಳಿಗೆ ತಾಗಿ ಬದಿಗೆ ಸರಿದುಹೋಗುತ್ತಿತ್ತು.

ಈ ಕಂಬಳಿಯನ್ನು ನೇಯ್ದವರು ಯಾರು? ರಾಯಚೂರು ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ ಜೋಳದ ನಾಡಿನ ಬಹುಭಾಗ ಭತ್ತದ ನಾಡಾಯಿತು. ಭತ್ತ ಬಂದಲ್ಲಿ ಕೊಯ್ಲಿನ ಯಂತ್ರ, ಕಣ, ಗಿರಣಿ, ಹೊಟ್ಟು, ದೂಳು. ಮುಂಗಾರಿನ ಬೆಳೆಯ ಕೊಯ್ಲಿನಲ್ಲಿ ನವೆಂಬರ್, ಡಿಸೆಂಬರ್ ತಿಂಗಳ ಸಂಜೆಗಳಂದು ಹೊಲದ ಮೇಲೆ ನಿಲ್ಲುವ ಚಿನ್ನದ ಬಣ್ಣದ ಮಂಜು ನೋಡಲು ಚೆಲುವು, ಅದು ದೂಳು. ಹೊಟ್ಟಿನ ಸಣ್ಣ ಮುಳ್ಳುಗಳು, ಎರೆಮಣ್ಣಿನ ನಯವಾದ ಪುಡಿ, ಹೆದ್ದಾರಿಯ ಲಾರಿಗಳು ಎಬ್ಬಿಸುವುದು, ಅಂಗಡಿಯ ಪರದೆಬಟ್ಟೆಯ ನೂಲು, ಎಲ್ಲವನ್ನೂ ಬೀಸಣಿಗೆ ನಿಷ್ಪಕ್ಷಪಾತವಾಗಿ ಒಳಗೆಳೆಯುತ್ತದೆ. ಮೇಲಾಗಿ, ದಿನ ಬೆಳಗಾದರೆ ಲಕ್ಷ್ಮಿಯ ಪಟಕ್ಕೆ ಹಚ್ಚುವ ಊದಿನಕಡ್ಡಿಯ ಹೊಗೆ. ಅದರ ಜಿಡ್ಡು ಅಂಟಿನಂತೆ ವರ್ತಿಸಿ ದೂಳಿನ ಎಳೆಗಳನ್ನು ಒಂದಕ್ಕೊಂದು ಹೊಸೆಯುತ್ತದೆ. ದೇವರ ಸೇವೆಗೆ ಅಡ್ಡಿಯಿಲ್ಲ. ಗಣಕವನ್ನು ಪಟದ ನೇರ ಕೆಳಗಿಡಬಾರದು.

ಇಲ್ಲಿ ಒಂದು ಸೂಕ್ಷ್ಮವಿದೆ, ಹೆಚ್ಚಿನವರು ಎಡವುವುದು ಅಲ್ಲಿಯೇ. ದೂಳು ಸೇರಿದ್ದು ಚಳಿಗಾಲದಲ್ಲಿ. ಯಂತ್ರ ಆರಿದ್ದು ಬೇಸಿಗೆಯಲ್ಲಿ. ನಡುವಿನ ನಾಲ್ಕೈದು ತಿಂಗಳು ಅದು ಸುಮ್ಮನಿದ್ದುದೇಕೆ? ಶಾಖದ ಲೆಕ್ಕ ಯಾವಾಗಲೂ ಕೋಣೆಯ ಗಾಳಿಯಿಂದ ಆರಂಭವಾಗುತ್ತದೆ. ಹೀಟ್‌ಸಿಂಕ್ ಶುಭ್ರವಾಗಿದ್ದಾಗ ಪ್ರೊಸೆಸರು ತನ್ನ ಸುತ್ತಲಿನ ಗಾಳಿಗಿಂತ 35 ಡಿಗ್ರಿ ಮೇಲಿರುತ್ತದೆಂದು ಇಟ್ಟುಕೊಳ್ಳೋಣ. ದೂಳು ತುಂಬಿದ ಮೇಲೆ ಅದೇ 55 ಡಿಗ್ರಿ. ಪೆಟ್ಟಿಗೆಯ ಒಳಗಿನ ಗಾಳಿ ಕೋಣೆಗಿಂತ ಐದಾರು ಡಿಗ್ರಿ ಬಿಸಿ. ಡಿಸೆಂಬರಿನಲ್ಲಿ ಕೋಣೆ 24 ಇದ್ದರೆ ಒಟ್ಟು 85ರ ಆಸುಪಾಸು; ಯಂತ್ರ ಸಹಿಸಿಕೊಳ್ಳುತ್ತದೆ, ಯಾರಿಗೂ ತಿಳಿಯುವುದಿಲ್ಲ. ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ 43 ಆದಾಗ ಅದೇ ಲೆಕ್ಕ 104ಕ್ಕೆ ಮುಟ್ಟುತ್ತದೆ. ರೋಗ ಹಿಂದಿನದು, ಬೇಸಿಗೆ ಅದನ್ನು ಹೊರಗೆಡವಿತು. ತಂಪು ಯಂತ್ರವಿದ್ದ ಸಿಂಧನೂರಿನ ಅಂಗಡಿಯಲ್ಲಿ ಗಣಕ ಆರದೆ ಇದ್ದುದೂ ಈ ಲೆಕ್ಕದ ಒಳಗೇ ಇದೆ.

ಪ್ರೊಸೆಸರು ತಾನಾಗಿ ಆರುವುದು ಅದರ ದೌರ್ಬಲ್ಯವಲ್ಲ, ವಿವೇಕ. ಇಂದಿನ ಹೆಚ್ಚಿನ ಪ್ರೊಸೆಸರುಗಳು ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಮೊದಲು ತಮ್ಮ ವೇಗವನ್ನು ತಾವೇ ತಗ್ಗಿಸುತ್ತವೆ. ಅಂಗಡಿಯವಳಿಗೆ ‘ಇವತ್ತು ಯಾಕೋ ನಿಧಾನ’ ಎನ್ನಿಸುವುದು ಆಗ. ಅದಕ್ಕೂ ಬಗ್ಗದೆ ಶಾಖ ಏರಿ ಸಿಲಿಕಾನಿಗೇ ಅಪಾಯವೆಂಬ ಮಟ್ಟ ಮುಟ್ಟಿದರೆ ವಿದ್ಯುತ್ತನ್ನು ಕಡಿದುಹಾಕುತ್ತವೆ. ಕೆಲವು ಬೋರ್ಡುಗಳು ಇನ್ನೂ ಕೆಳಗಿನ ಮಟ್ಟದಲ್ಲೇ ಕಡಿಯುವುದುಂಟು. ಶಾಖ ಏರಿದಷ್ಟೂ ಟ್ರಾನ್ಸಿಸ್ಟರುಗಳಿಂದ ವಿದ್ಯುತ್ ಹೆಚ್ಚು ಸೋರುತ್ತದೆ, ಸೋರಿದ ವಿದ್ಯುತ್ತು ಮತ್ತೆ ಶಾಖವಾಗುತ್ತದೆ. ಆದುದರಿಂದ ಒಂದು ಹಂತ ದಾಟಿದ ಮೇಲೆ ಕಾಯುತ್ತ ಕೂರುವಂತಿಲ್ಲ. ಈ ವಿವೇಕ ಎಲ್ಲ ಕಾಲಕ್ಕೂ ಇರಲಿಲ್ಲ. 2001ರಲ್ಲಿ ಗಣಕ ಪರೀಕ್ಷಕರು ನಡೆಯುತ್ತಿದ್ದ ಯಂತ್ರಗಳ ಹೀಟ್‌ಸಿಂಕನ್ನು ಕಿತ್ತು ನೋಡಿದಾಗ ಪೆಂಟಿಯಂ 4 ನಿಧಾನಗೊಂಡು ಬದುಕಿತು, ಎ.ಎಂ.ಡಿ.ಯ ಆಥ್ಲಾನ್ ಕ್ಷಣಾರ್ಧದಲ್ಲಿ ಹೊಗೆಯಾಡಿ ಸತ್ತಿತು. ಮಸ್ಕಿಯ ಯಂತ್ರ ದಿನಕ್ಕೆ ಹತ್ತು ಬಾರಿ ಆರಿದುದು ಹತ್ತು ಬಾರಿ ಜೀವ ಉಳಿಸಿಕೊಂಡುದು.

ಮುದುಕ ಹೀಟ್‌ಸಿಂಕನ್ನು ಪೂರ್ತಿಯಾಗಿ ಎತ್ತಿದ. ಅದನ್ನು ಬೋರ್ಡಿಗೆ ಬಿಗಿಯುವ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಸಡಿಲವಾಗಿ ಮೇಲೆದ್ದಿತ್ತು. ಹಳೆಯ ಯಂತ್ರ ಲಾರಿಯಲ್ಲಿಯೋ ಬಸ್ಸಿನಲ್ಲಿಯೋ ಕುಲುಕಾಡಿ ಬಂದಾಗ ಆದ ಕೆಲಸ. ದಿಂಡು ಒಂದು ಬದಿಗೆ ವಾಲಿ ಕುಳಿತಿತ್ತು. ಕೆಳಗಿನ ಲೇಪ ಒಣಗಿ, ಹಳೆಯ ಗೋಡೆಯ ಸುಣ್ಣದಂತೆ ಉದುರಿತು. ಈ ಲೇಪದ ಮಹತ್ವವನ್ನು ಬಹಳ ಮಂದಿ ಅರಿಯರು. ಎರಡು ಲೋಹಗಳನ್ನು ಎಷ್ಟು ನುಣುಪಾಗಿ ಉಜ್ಜಿ ಒತ್ತಿದರೂ ನಡುವೆ ಕಣ್ಣಿಗೆ ಕಾಣದ ತಗ್ಗುದಿಣ್ಣೆಗಳಿರುತ್ತವೆ. ತಗ್ಗಿನಲ್ಲಿ ಗಾಳಿ ಸೇರುತ್ತದೆ. ಗಾಳಿಯಾದರೋ ಶಾಖಕ್ಕೆ ಬಾಗಿಲು ಮುಚ್ಚುವ ವಸ್ತು. ತಾಮ್ರವು ಶಾಖವನ್ನು ಸಾಗಿಸುವ ಶಕ್ತಿ ಗಾಳಿಯದಕ್ಕಿಂತ ಸುಮಾರು 15,000 ಪಟ್ಟು ಹೆಚ್ಚು. ಆ ತಗ್ಗುಗಳಿಂದ ಗಾಳಿಯನ್ನು ಓಡಿಸಿ ತಾನು ತುಂಬಿಕೊಳ್ಳುವುದು ಲೇಪದ ಕೆಲಸ. ಲೋಹದಷ್ಟು ಒಳ್ಳೆಯ ವಾಹಕ ಅದಲ್ಲ. ಆದಕಾರಣ ಬೆಣ್ಣೆಯಂತೆ ಮೆತ್ತುವವರು ಶಾಖದ ದಾರಿಯನ್ನು ಉದ್ದಮಾಡುತ್ತಾರೆ, ಅಷ್ಟೆ. ಮುದುಕ ಔಷಧದಂಗಡಿಯ ಸ್ಪಿರಿಟ್ಟಿನಲ್ಲಿ ಹತ್ತಿಯನ್ನು ಅದ್ದಿ ಎರಡೂ ಮುಖಗಳನ್ನು ಒರಸಿ, ಒಣಗಿಸಿ, ತೊಗರಿಕಾಳಿನಷ್ಟು ಹೊಸ ಲೇಪವನ್ನು ಚಿಪ್ಪಿನ ನಡುವೆ ಇಟ್ಟ. ಹೀಟ್‌ಸಿಂಕನ್ನು ನೇರವಾಗಿ ಇಳಿಸಿ, ಗೂಟಗಳನ್ನು ಕರ್ಣರೇಖೆಯಲ್ಲಿ, ಎದುರುಬದುರಾಗಿ, ‘ಟಕ್’ ಎನ್ನುವವರೆಗೆ ಒತ್ತಿದ. ಬೋರ್ಡನ್ನು ತಿರುಗಿಸಿ ನಾಲ್ಕೂ ಹಿಂಬದಿಗೆ ಬಂದಿವೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದ. ಒಂದೇ ಬದಿಯ ಎರಡನ್ನು ಮೊದಲು ಒತ್ತಿದರೆ ದಿಂಡು ಮತ್ತೆ ವಾಲುತ್ತದೆ.

ದೂಳು ತೆಗೆಯುವ ಕೆಲಸ ಮನೆಯಲ್ಲಿಯೇ ಮಾಡಬಹುದಾದುದು. ಆದರೆ ಮರ್ಯಾದೆ ತಿಳಿದು ಮಾಡಬೇಕು. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಬಳಿಕ ಒಮ್ಮೆ ಗುಂಡಿ ಒತ್ತಿ, ಒಳಗುಳಿದ ವಿದ್ಯುತ್ತನ್ನು ಖಾಲಿಮಾಡಬೇಕು. ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಯಂತ್ರವನ್ನು ಹೊರಗೆ, ಅಂಗಳದಲ್ಲಿಟ್ಟು ಊದುವ ಯಂತ್ರದಿಂದ ಊದಬೇಕು. ಕೋಣೆಯೊಳಗೆ ಊದಿದರೆ ದೂಳು ಸಂಜೆಗೆ ಮನೆಗೆ ಬರುತ್ತದೆ. ಊದುವಾಗ ಬೀಸಣಿಗೆಯ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲವಾದರೆ ಅದು ಮಿತಿಮೀರಿ ಸುತ್ತಿ ಕೆಡುತ್ತದೆ. ಒದ್ದೆ ಬಟ್ಟೆ ಕೂಡದು. ವಿದ್ಯುತ್ ಪೂರೈಸುವ ಎಸ್.ಎಂ.ಪಿ.ಎಸ್. ಎಂಬ ಒಳಡಬ್ಬಿಯನ್ನಂತೂ ಬಿಚ್ಚಲೇಬಾರದು. 230 ವೋಲ್ಟು ಅದರೊಳಗೆ ಸುಮಾರು 325 ವೋಲ್ಟಿನ ನೇರ ವಿದ್ಯುತ್ತಾಗಿ ಧಾರಕಗಳಲ್ಲಿ ಕುಳಿತಿರುತ್ತದೆ. ಪ್ಲಗ್ಗು ತೆಗೆದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಹೊರಗಿನ ಜಾಲರಿಯನ್ನು ಊದಿದರೆ ಸಾಕು.

ಪಟ್ಟಣದ ಮನೆಗಳಲ್ಲಿ ಬೇರೊಂದು ಬಗೆಯ ತೊಂದರೆ. ಗಣಕಕ್ಕೆಂದೇ ಮಾಡಿಸಿದ ಮೇಜಿನ ಬದಿಯ ಗೂಡಿನಲ್ಲಿ ಪೆಟ್ಟಿಗೆಯನ್ನು ತುರುಕಿ, ಬಾಗಿಲು ಹಾಕಿ, ಅದರ ಮೇಲೆ ಕಸೂತಿಯ ಹೊದಿಕೆಯನ್ನು ಹೊದಿಸುವವರುಂಟು. ಚಳಿಗೆ ಮಗುವನ್ನು ಹೊದಿಸಿದಂತೆ! ಹಿಂಬದಿಯಲ್ಲಿ ಹೊರಬಂದ ಬಿಸಿಗಾಳಿ ಗೂಡಿನಲ್ಲೇ ಸುತ್ತಿ ಮತ್ತೆ ಮುಂಬದಿಯಿಂದ ಒಳಹೊಕ್ಕರೆ ಎಷ್ಟು ಹೊಸ ಬೀಸಣಿಗೆ ಇದ್ದರೇನು? ಸುತ್ತ ಗೇಣು ಜಾಗ ಬಿಡಬೇಕು. ಹೊದಿಕೆ ಆರಿಸಿದ ಮೇಲಷ್ಟೆ. ಪಕ್ಕದ ತಗಡನ್ನೇ ತೆಗೆದಿಟ್ಟು, ಎದುರಿಗೆ ಮೇಜಿನ ಫ್ಯಾನನ್ನು ಹಚ್ಚುವ ಉಪಾಯ ಆಪತ್ಕಾಲಕ್ಕೆ ಸರಿ. ಮಸ್ಕಿಯವಳೂ ಎರಡು ದಿನ ಅದನ್ನೇ ಮಾಡಿ ಕೆಲವು ನಿಮಿಷಗಳನ್ನು ಗಳಿಸಿದ್ದಳು. ಕಾಯಂ ಆಗಿ ತೆರೆದಿಟ್ಟರೆ ದೂಳಿಗೆ ಹೆಬ್ಬಾಗಿಲು ತೆರೆದಂತೆ. ಆಯುಧಪೂಜೆಯ ದಿನ ಗಣಕಕ್ಕೆ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ನಿಂಬೆಹಣ್ಣು ಇಡದ ಅಂಗಡಿ ಈ ಸೀಮೆಯಲ್ಲಿ ಇಲ್ಲ. ಒಕ್ಕಲಿಗನು ಅಂದು ಕುಂಟೆ, ರಂಟೆಗಳನ್ನು ತೊಳೆದು, ಕುಡಗೋಲನ್ನು ಮಸೆದು, ಆಮೇಲೆ ಪೂಜಿಸುತ್ತಾನೆ. ಗಣಕದವರು ಮಾತ್ರ ತೊಳೆಯುವ ಭಾಗವನ್ನು ಬಿಟ್ಟು ಪೂಜೆಯನ್ನು ಇಟ್ಟುಕೊಂಡಿದ್ದಾರೆ. ದಸರೆ ಕಳೆದು ತಿಂಗಳೊಪ್ಪತ್ತಿನಲ್ಲಿ ಕೊಯ್ಲು ಬರುತ್ತದೆ. ಕೊಯ್ಲು ಮುಗಿದ ಮೇಲೆ ಇನ್ನೊಮ್ಮೆ ಪೆಟ್ಟಿಗೆ ತೆರೆದರೆ ನಷ್ಟವೇನಿಲ್ಲ.

ಸಿಂಧನೂರಿನವನನ್ನು ಪೂರ್ತಿ ದೂಷಿಸುವುದೂ ನ್ಯಾಯವಲ್ಲ. ಬೋರ್ಡುಗಳು ಹೋಗುವುದುಂಟು, ಅವುಗಳ ಮೇಲಿನ ಧಾರಕಗಳು ಉಬ್ಬಿ ಸೋರಿ ಇದೇ ರೀತಿ ಕೈಕೊಡುವುದುಂಟು. 2000ದ ದಶಕದ ಮೊದಲಲ್ಲಿ ತಯಾರಾದ ಎಷ್ಟೋ ಬೋರ್ಡುಗಳು ಕಳಪೆ ಧಾರಕಗಳಿಂದ ಲೋಕದಾದ್ಯಂತ ಸತ್ತುವು. ಶಾಖದ ಕಾರಣ ತೆಗೆದ ಮೇಲೂ ಯಂತ್ರ ಆರಿದರೆ ಬೋರ್ಡನ್ನೋ ಎಸ್.ಎಂ.ಪಿ.ಎಸ್.ಅನ್ನೋ ಶಂಕಿಸಬೇಕು. ಅವನ ಕ್ರಮ ಮಾತ್ರ ತಲೆಕೆಳಗಾಗಿತ್ತು. ಐವತ್ತು ರೂಪಾಯಿಯ ಶಂಕೆಯನ್ನು ಮೊದಲು ತೀರಿಸಿ, ಆರೂವರೆ ಸಾವಿರದ ಶಂಕೆಗೆ ಆಮೇಲೆ ಕೈಹಾಕಬೇಕಾಗಿತ್ತು.

ಲಿಂಗಸುಗೂರಿನ ಮುದುಕ ಯಂತ್ರವನ್ನು ಜೋಡಿಸಿ ಹಚ್ಚಿದ. ಹೊತ್ತು ಸರಿಯಾಗಿ ಮಧ್ಯಾಹ್ನ ಒಂದೂವರೆ. ಓಣಿಯಲ್ಲಿ ನಾಯಿಗಳೂ ನೆರಳು ಹುಡುಕಿ ಮಲಗಿದ್ದುವು. ಅದೇ ಆರೋಗ್ಯದ ಪುಟ: 58, 63, 67. ಅಲ್ಲಿಗೆ ನಿಂತಿತು. ಮೂವರೂ ಅರ್ಧ ತಾಸು ಅದನ್ನೇ ನೋಡುತ್ತ ಕುಳಿತರು. 67 ಒಮ್ಮೆ 68 ಆಯಿತು, ಮರಳಿ 67 ಆಯಿತು. ಗಂಡ ಪಾಳಿಗೆ ಹೊತ್ತಾಯಿತೆಂದು ಎದ್ದು ಹೊರಟ.

ಮುದುಕ ಕೇಳಿದ್ದು ಮುನ್ನೂರೈವತ್ತು ರೂಪಾಯಿ. ಆಕೆ ಹಣ ಕೊಟ್ಟು ಪೆಟ್ಟಿಗೆಯನ್ನು ಎತ್ತಿಕೊಳ್ಳುವಾಗ ಅವನು ಸ್ವಲ್ಪ ಸಂಕೋಚದಿಂದ, ಪುಸ್ತಕದ ಆ ಹಾಳೆಯನ್ನು ತನಗೆ ಕೊಡುವೆಯಾ ಎಂದು ಕೇಳಿದ. ಬರುವ ಗಿರಾಕಿಗಳಿಗೆ, ಯಂತ್ರ ತರುವ ಮೊದಲು ಹೀಗೆ ಬರೆದು ತನ್ನಿರೆಂದು ತೋರಿಸಲು ಅವನಿಗೆ ಅದು ಬೇಕಾಗಿತ್ತು. ಆಕೆ ಹಾಳೆಯನ್ನು ತಿರುವಿ ನೋಡಿದಳು. ಹಿಂಬದಿಯಲ್ಲಿ ಏಪ್ರಿಲ್ ತಿಂಗಳ ಹಾಲಿನ ಲೆಕ್ಕವಿತ್ತು. ಹಾಲಿನವನಿಗೆ ಇನ್ನೂ ಬಾಕಿ ತೀರಿರಲಿಲ್ಲ. ಕೊಡಲಾರೆನೆಂದಳು. ಮೂರನೆಯ ದಿನ ಲಿಂಗಸುಗೂರಿಗೆ ಹೊರಟಿದ್ದ ನೆರೆಮನೆಯವರ ಕೈಯಲ್ಲಿ ಒಂದು ಲಕೋಟೆ ಕಳುಹಿಸಿದಳು. ಅದರಲ್ಲಿ ಆ ಹಾಳೆಯ ನಕಲು ಇತ್ತು, ಅಂದವಾಗಿ ಟೈಪು ಮಾಡಿದ್ದು.